ರನ್‌ವೇ ಕಣ್ಣಿಗೆ ಕಂಡ ಮೇಲೂ ವಾಪಸ್ ಮೇಲೇರುವುದು

ಸಣ್ಣ ವಿಮಾನವೊಂದು ಇಳಿಯುವಾಗ ಬಿತ್ತು ಅನ್ನೋ ಸುದ್ದಿ ಬಂದರೆ ಅದರ ಹಿಂದೆಯೇ ಒಂದು ಸಾಲು ಇದ್ದೇ ಇರುತ್ತದೆ: ಗಾಳಿ ಜೋರಾಗಿತ್ತು. ಅಲ್ಲಿಗೆ ಮಾತು ಮುಗಿಯಿತು. ಗಾಳಿಯ ಮೇಲೆ ಹಾಕಿಬಿಟ್ಟರೆ ಮುಂದೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ. ನನಗೆ ಈ ಸಾಲಿನ ಮೇಲೆ ಈಗೀಗ ಸಿಟ್ಟು ಬರುತ್ತದೆ. ಯಾಕೆಂದರೆ ಅಂಥದೇ ಗಾಳಿಯಲ್ಲಿ ರನ್‌ವೇ ಹತ್ತಿರ ಬಂದು, ಇದು ಸರಿಹೋಗಲ್ಲ ಅಂತ ಮತ್ತೆ ಮೇಲೆದ್ದು, ಒಂದು ಸುತ್ತು ಹಾಕಿ ಸುರಕ್ಷಿತವಾಗಿ ಇಳಿದವರೂ ಇರುತ್ತಾರೆ. ಅವರ ಸುದ್ದಿ ಪೇಪರಿನಲ್ಲಿ ಬರುವುದಿಲ್ಲ.

ಈ ವಿಷಯ ನನ್ನ ತಲೆ ಹೊಕ್ಕಿದ್ದು ಅಕ್ಕನ ಮಗಳಿಂದ. ಗದಗದ ಹುಡುಗಿ. ಪೈಲಟ್ ಆಗಲೇಬೇಕು ಅಂತ ಹಟ ಹಿಡಿದು ಹೊರರಾಜ್ಯದ ಒಂದು ಫ್ಲೈಯಿಂಗ್ ಸ್ಕೂಲ್ ಸೇರಿದ್ದಾಳೆ. ಕಮರ್ಶಿಯಲ್ ಪೈಲಟ್ ಲೈಸೆನ್ಸ್ ಬೇಕೆಂದರೆ ನಮ್ಮ ದೇಶದಲ್ಲಿ 200 ಗಂಟೆ ಹಾರಿರಬೇಕು. ಅವಳದು ಅರ್ಧ ದಾಟಿದೆ. ರಜೆಗೆ ಹುಬ್ಬಳ್ಳಿಗೆ ಬಂದಾಗ ಗೋಕುಲ ರಸ್ತೆಯ ನಮ್ಮ ಮನೆಯಲ್ಲೇ ಇರುತ್ತಾಳೆ. ವಿಮಾನದ ಸದ್ದು ಕೇಳಿದರೆ ಸಾಕು, ತಟ್ಟೆ ಬಿಟ್ಟು ಟೆರೇಸಿಗೆ ಓಡುತ್ತಾಳೆ. ಮೊದಲು ನೋಡುವುದು ವಿಮಾನವನ್ನಲ್ಲ. ಪಕ್ಕದ ಮನೆಯವರ ತೆಂಗಿನ ಗರಿ ಯಾವ ಕಡೆ ಬಾಗಿದೆ, ಎಷ್ಟು ಬಾಗಿದೆ, ಬಾಗಿದ್ದು ಎಷ್ಟು ಹೊತ್ತಿಗೊಮ್ಮೆ ನೆಟ್ಟಗಾಗುತ್ತಿದೆ ಅಂತ ನೋಡುತ್ತಾಳೆ. ಆಮೇಲೆ ತಲೆ ಎತ್ತುತ್ತಾಳೆ.

ನಮ್ಮ ಕಡೆ ಗಾಳಿಗೇನು ಬರವಿಲ್ಲ. ಆಷಾಢ ಬಂತೆಂದರೆ ಹುಬ್ಬಳ್ಳಿ-ಧಾರವಾಡದಲ್ಲಿ ಪಡುವಣ ಗಾಳಿ ಹಗಲೂ ರಾತ್ರಿ ಬೀಸುತ್ತದೆ. ಒಣಹಾಕಿದ ಬಟ್ಟೆಗೆ ಎರಡೆರಡು ಕ್ಲಿಪ್ ಹಾಕಬೇಕು. ಗದಗ ಜಿಲ್ಲೆಯ ಕಪ್ಪತಗುಡ್ಡದ ಮೇಲೂ ಗಜೇಂದ್ರಗಡದ ಕಡೆಯೂ ಸಾಲುಗಟ್ಟಿ ನಿಂತಿರುವ ವಿಂಡ್‌ಮಿಲ್‌ಗಳನ್ನು ನೋಡಿದರೆ ಸಾಕು, ಈ ಸೀಮೆಯ ಗಾಳಿಯ ಕಸುವು ಗೊತ್ತಾಗುತ್ತದೆ. ಕಂಪನಿಯವರು ಸುಮ್ನೆ ಅಲ್ಲಿಗೆ ಬಂದು ಅಷ್ಟು ದುಡ್ಡು ಹಾಕಲಿಲ್ಲ.

ಆದರೆ ವಿಮಾನದವರಿಗೆ ಆಷಾಢದ ಗಾಳಿಯೇ ದೊಡ್ಡ ತಲೆನೋವು ಅಂತ ನೀವು ಅಂದುಕೊಂಡರೆ ಅದು ಪೂರ್ತಿ ಸರಿಯಲ್ಲ. ಹುಬ್ಬಳ್ಳಿಯ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮವಾಗಿದೆ. ಒಂದು ತುದಿಯಲ್ಲಿ 08, ಇನ್ನೊಂದು ತುದಿಯಲ್ಲಿ 26 ಅಂತ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆದಿದೆ. ಅಂದರೆ ದಿಕ್ಸೂಚಿಯ ಪ್ರಕಾರ ಸುಮಾರು 80 ಡಿಗ್ರಿ ಮತ್ತು 260 ಡಿಗ್ರಿ. ಮುಂಗಾರಿನ ಗಾಳಿ ಬರುವುದೂ ಪಶ್ಚಿಮ, ನೈಋತ್ಯದ ಕಡೆಯಿಂದಲೇ. ಹಾಗಾಗಿ ಪಶ್ಚಿಮಕ್ಕೆ ಮುಖ ಮಾಡಿ ಇಳಿದರೆ ಗಾಳಿ ಬಹುಮಟ್ಟಿಗೆ ಎದುರಿಗೇ ಸಿಗುತ್ತದೆ. ಎದುರುಗಾಳಿ ಪೈಲಟ್‌ಗೆ ನೆಂಟ. ರೆಕ್ಕೆಗೆ ಬೇಕಾದ ಗಾಳಿ ಅದೇ ಕೊಡುತ್ತದೆ, ನೆಲದ ಮೇಲೆ ವೇಗ ಕಡಿಮೆ ಇರುತ್ತದೆ, ಬೇಗ ನಿಲ್ಲುತ್ತದೆ.

ಕಷ್ಟ ಕೊಡುವುದು ಬೇರೆ ಗಾಳಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಧೂಳೆಬ್ಬಿಸಿಕೊಂಡು ಬರುವ ಅಡ್ಡಮಳೆಯ ಗಾಳಿ. ಅದಕ್ಕೆ ದಿಕ್ಕೂ ಇಲ್ಲ, ಒಂದೇ ಸಮನಾದ ಬಲವೂ ಇಲ್ಲ. ಇನ್ನೊಂದು, ಮಳೆಯೇ ಇಲ್ಲದ ಬಿಸಿಲು ದಿನದ ಗಾಳಿ. ಬಿತ್ತನೆಗೆ ಹರಗಿ ಬಿಟ್ಟ ಎರಿ ಹೊಲ ಕಾದು ಮೇಲಿನ ಗಾಳಿಯನ್ನು ಎತ್ತಿ ಎಸೆಯುತ್ತದೆ. ಅದರ ಪಕ್ಕದಲ್ಲೇ ಕೆರೆಯೋ ಹಸಿರು ಬೆಳೆಯೋ ಇದ್ದರೆ ಅಲ್ಲಿ ಗಾಳಿ ಕೆಳಗಿಳಿಯುತ್ತಿರುತ್ತದೆ. ದೊಡ್ಡ ವಿಮಾನದಲ್ಲಿ ಕೂತವರಿಗೆ ಇದು ಒಂದೆರಡು ಕುಲುಕಾಟ ಅಷ್ಟೇ. ತರಬೇತಿಗೆ ಬಳಸುವ ಸೆಸ್ನಾ 172 ಜನ, ಪೆಟ್ರೋಲು ಎಲ್ಲ ತುಂಬಿಕೊಂಡರೂ ಸುಮಾರು 1,150 ಕಿಲೋ. ನಮ್ಮ ಮನೆಯ ಮುಂದೆ ನಿಂತ ಕಾರಿನಷ್ಟು ತೂಕ, 11 ಮೀಟರ್ ಅಗಲದ ರೆಕ್ಕೆ. ಗಾಳಿ ಅದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಹುಬ್ಬಳ್ಳಿ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ. ಬೇಸಿಗೆಯ ಕಾವಿಗೆ ಗಾಳಿ ಇನ್ನೂ ತೆಳ್ಳಗಾಗುತ್ತದೆ. ಅಲ್ಲಿ ಎಂಜಿನ್ನಿನ ಕಸುವೂ ಸ್ವಲ್ಪ ಕುಗ್ಗುತ್ತದೆ. ಮೀಟರಿನಲ್ಲಿ ಕಾಣುವ ವೇಗ ಅದೇ ಇದ್ದರೂ ನೆಲದ ಮೇಲಿನ ನಿಜವಾದ ವೇಗ ಜಾಸ್ತಿ ಇರುತ್ತದೆ. ಫ್ಲೈಯಿಂಗ್ ಸ್ಕೂಲಿನವರು ಬೆಳಕು ಹರಿಯುವ ಹೊತ್ತಿಗೇ ಹುಡುಗರನ್ನು ಹಾರಲು ಕಳಿಸುವುದು ಇದಕ್ಕೇ. ನೆಲ ಇನ್ನೂ ತಣ್ಣಗಿರುತ್ತದೆ, ಗಾಳಿ ಇನ್ನೂ ಎದ್ದಿರುವುದಿಲ್ಲ.

ಹೋದ ವರ್ಷ ಅವರ ಸ್ಕೂಲಿನಲ್ಲಿ ಆದ ಅಪಘಾತ ಮಧ್ಯಾಹ್ನದ್ದು. ಬೆಳಿಗ್ಗೆ ಮಂಜು ಇತ್ತು, ಹಾರಾಟ ತಡವಾಯಿತು. ಸರದಿ ಕಾಯುತ್ತಿದ್ದವರೆಲ್ಲ ಮಧ್ಯಾಹ್ನಕ್ಕೆ ಬಿದ್ದರು. ಅವಳ ಜೊತೆಯ ಹುಡುಗ, ಹತ್ತೊಂಬತ್ತರವನು, ಒಬ್ಬನೇ ಹಾರುತ್ತಿದ್ದ. ಇವಳು ಹ್ಯಾಂಗರ್, ಅಂದರೆ ವಿಮಾನ ನಿಲ್ಲಿಸುವ ಶೆಡ್ಡಿನ ಹತ್ತಿರ ನೆರಳಿನಲ್ಲಿ ನಿಂತು ತನ್ನ ಸರದಿ ಕಾಯುತ್ತಿದ್ದಳು.

ಟವರಿನಿಂದ ಬಂದ ಗಾಳಿಯ ಲೆಕ್ಕ ಇವಳಿಗೆ ಇನ್ನೂ ಬಾಯಿಪಾಠ: 240 ಡಿಗ್ರಿಯಿಂದ 12 ನಾಟ್, ಗಸ್ಟ್, ಅಂದರೆ ಆಗಾಗ ಒಮ್ಮೆಲೇ ನುಗ್ಗುವ ಗಾಳಿ, 22 ನಾಟ್. ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್. ರನ್‌ವೇ ಇದ್ದದ್ದು 270 ಡಿಗ್ರಿಗೆ. ಗಾಳಿ 30 ಡಿಗ್ರಿ ಓರೆಯಲ್ಲಿದ್ದರೆ ಅದರ ಅರ್ಧ ಬಲ ಅಡ್ಡಗಾಳಿಯಾಗಿ ಬರುತ್ತದೆ. ಅಂದರೆ 6 ನಾಟ್, ಜೋರಾದಾಗ 11. ಸೆಸ್ನಾ 172ರ ಪುಸ್ತಕದಲ್ಲಿ 15 ನಾಟ್ ಅಡ್ಡಗಾಳಿಯಲ್ಲಿ ಇಳಿಸಿ ತೋರಿಸಲಾಗಿದೆ ಅಂತ ಇದೆ. ಹಾಗಾದರೆ ಕಾಗದದ ಮೇಲೆ ಎಲ್ಲ ಸರಿ ಇತ್ತು, ಅಲ್ವಾ?

ಇಲ್ಲೇ ನಾನು ಅವಳನ್ನು ತಡೆದು ತಡೆದು ಕೇಳಿದ್ದು. ಆ 15 ನಾಟ್ ಅನ್ನುವುದು ವಿಮಾನ ಪರೀಕ್ಷೆ ಮಾಡಿದ ನುರಿತ ಪೈಲಟ್ ಇಳಿಸಿ ತೋರಿಸಿದ ಲೆಕ್ಕ. ನಲವತ್ತು-ಐವತ್ತು ಗಂಟೆ ಹಾರಿದ ಹುಡುಗನಿಗೆ ಅದು ಭರವಸೆ ಕೊಡುವ ಲೆಕ್ಕ ಅಲ್ಲ. ಇನ್ನೊಂದು ಮಾತು: ಅಡ್ಡಗಾಳಿ ಒಂದೇ ಸಮನೆ 11 ನಾಟ್ ಇದ್ದರೆ ಅದಕ್ಕೆ ಕೈ ಹೊಂದಿಕೊಳ್ಳುತ್ತದೆ. 6ರಿಂದ 11ಕ್ಕೆ, 11ರಿಂದ 6ಕ್ಕೆ ಹಾರುತ್ತಾ ಇದ್ದರೆ ಹೊಂದಿಕೊಳ್ಳುವುದಕ್ಕೆ ಪುರುಸೊತ್ತೇ ಇಲ್ಲ. ಎದುರಿನಿಂದ ಬರುವ ಪಾಲೂ ಹಾಗೇ ಏರಿಳಿಯುತ್ತಿರುತ್ತದೆ.

"ಚಿಗವ್ವಾ, ಗಾಡಿ ಮ್ಯಾಲ ಹಾವೇರಿ ಕಡೆ ಹೊಂಟಾಗ ಬಾಜೂಕ ದೊಡ್ಡ ಲಾರಿ ಬಂತಂದ್ರ ಏನಾಗತೈತಿ?" ಅಂದಳು. "ಅಲ್ಲಿತನಕ ಗಾಳಿ ಒಂದ ಕಡೆಯಿಂದ ತಳ್ಳತಿರತೈತಿ. ನೀನೂ ಅದಕ್ಕ ತಕ್ಕಂಗ ವಾಲಿ ಗಾಡಿ ಹಿಡದಿರತಿ. ಲಾರಿ ಮರಿ ಆತು ಅಂದ್ರ ಗಾಳಿ ಒಮ್ಮಿಂದೊಮ್ಮೆಲೆ ನಿಂತ ಬಿಡತೈತಿ. ಗಾಡಿ ಲಾರಿ ಕಡೆನ ಹೊಳ್ಳತೈತಿ. ಗಾಳಿ ಜೋರ ಇದ್ದದ್ದಕ್ಕ ಅಲ್ಲ, ನಿಂತದ್ದಕ್ಕ ಜೀವ ಝಲ್ ಅಂತೈತಿ."

ಹುಬ್ಬಳ್ಳಿಯಿಂದ ಹಾವೇರಿ ದಾರಿಯಲ್ಲಿ ಸ್ಕೂಟಿ ಓಡಿಸಿದ ಯಾರಿಗಾದರೂ ಇದು ಗೊತ್ತು. ನನಗೆ ಅವತ್ತು ಗಸ್ಟ್ ಅಂದರೆ ಏನು ಅಂತ ಸರಿಯಾಗಿ ತಿಳಿಯಿತು. ಗಾಳಿಯ ಹೊಡೆತಕ್ಕಿಂತ ಅದು ಕೈಬಿಡುವ ಕ್ಷಣ ಹೆಚ್ಚು ಅಪಾಯದ್ದು. ವಿಮಾನ ಗಾಳಿಯ ಲೆಕ್ಕದಲ್ಲಿ 65 ನಾಟ್‌ನಲ್ಲಿ ಬರುತ್ತಿದೆ ಅಂದುಕೊಳ್ಳಿ. ಅದರಲ್ಲಿ ಒಂದು ಪಾಲು ಎದುರುಗಾಳಿ ಕೊಟ್ಟಿದ್ದು. ಆ ಎದುರುಗಾಳಿ ಒಮ್ಮೆಲೇ 10 ನಾಟ್ ಕಡಿಮೆಯಾದರೆ ರೆಕ್ಕೆಯ ಮೇಲೆ ಹರಿಯುವ ಗಾಳಿ ಆ ಕ್ಷಣಕ್ಕೆ 55 ನಾಟ್. ವಿಮಾನ ಧೊಪ್ ಅಂತ ಕೆಳಗಿಳಿಯುತ್ತದೆ. ಐನೂರು ಅಡಿ ಮೇಲಿದ್ದರೆ ಪರವಾಗಿಲ್ಲ, ಥ್ರಾಟಲ್ ಕೊಟ್ಟು, ಅಂದರೆ ಎಂಜಿನ್ನಿನ ಕಸುವು ಏರಿಸಿ, ಸರಿ ಮಾಡಿಕೊಳ್ಳಬಹುದು. ಇಪ್ಪತ್ತು ಅಡಿ ಮೇಲಿದ್ದರೆ ನೆಲವೇ ಸಿಗುತ್ತದೆ.

ಅದಕ್ಕೇ ಗಸ್ಟ್ ಇರುವ ದಿನ ಇಳಿಯುವ ವೇಗಕ್ಕೆ ಸ್ವಲ್ಪ ಸೇರಿಸಿಕೊಳ್ಳುತ್ತಾರೆ. ಸರಾಸರಿ ಗಾಳಿಗೂ ಗಸ್ಟ್‌ಗೂ ಇರುವ ಅಂತರದ ಅರ್ಧ. ಅವತ್ತಿನ ಲೆಕ್ಕದಲ್ಲಿ ಅಂತರ 10, ಅದರ ಅರ್ಧ 5. ಹಾಗಾಗಿ 65ರ ಬದಲು 70. ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಕೆಳಗೆ ಚಾಚುವ ಪಟ್ಟಿ, ಫ್ಲ್ಯಾಪ್, ಅದನ್ನೂ ಪೂರ್ತಿ ಇಳಿಸುವುದಿಲ್ಲ. ಇದನ್ನೆಲ್ಲ ಹುಡುಗ ಮಾಡಿದ್ದ ಅಂತ ಇವಳು ಹೇಳುತ್ತಾಳೆ. ಕಲಿಸಿದ್ದನ್ನು ಕಲಿತಿದ್ದ.

ಕೊನೆಯ ಸುತ್ತಿನಲ್ಲಿ ಅವನು ರನ್‌ವೇಗೆ ನೇರವಾಗಿ ಬಂದ. ಮೂಗು ಸ್ವಲ್ಪ ಎಡಕ್ಕೆ, ಗಾಳಿ ಬರುವ ಕಡೆಗೆ ತಿರುಗಿತ್ತು. ಅಡ್ಡಗಾಳಿ ಇದ್ದಾಗ ಹಾಗೇ ಬರಬೇಕು, ಓರೆಯಾಗಿ. ನೆಲ ಮುಟ್ಟುವ ಹೊತ್ತಿಗೆ ಬಾಲದ ಚುಕ್ಕಾಣಿ ತಿರುಗಿಸುವ ರಡ್ಡರ್ ಪೆಡಲನ್ನು ಕಾಲಲ್ಲಿ ಒತ್ತಿ ಮೂಗನ್ನು ರನ್‌ವೇಗೆ ಸರಿಯಾಗಿ ನೇರ ಮಾಡಿ, ಗಾಳಿ ಬರುವ ಕಡೆಯ ರೆಕ್ಕೆಯನ್ನು ತುಸು ತಗ್ಗಿಸಿ, ಆ ಕಡೆಯ ಚಕ್ರ ಮೊದಲು ತಾಗಿಸಬೇಕು. ಕಾಲು ಒಂದು ಕೆಲಸ ಮಾಡಬೇಕು, ಕೈ ಇನ್ನೊಂದು ಮಾಡಬೇಕು, ಕಣ್ಣು ರನ್‌ವೇಯ ಆ ತುದಿಯ ಮೇಲೆ ಇರಬೇಕು. ನೂರು ಅಡಿ ಎತ್ತರದಿಂದ ನೆಲಕ್ಕೆ ಇಪ್ಪತ್ತು ಸೆಕೆಂಡಿನ ದಾರಿ. ಅಷ್ಟರೊಳಗೆ ಇಷ್ಟೆಲ್ಲ.

ರನ್‌ವೇಯ ಎಡಬದಿಗೆ ಒಂದು ಹ್ಯಾಂಗರ್ ಮತ್ತು ಬೇವಿನ ಮರಗಳ ಸಾಲಿತ್ತು. ಅವುಗಳನ್ನು ದಾಟಿ ಬರುವ ಗಾಳಿ ಸುಳಿ ಸುಳಿಯಾಗಿ ಬರುತ್ತದೆ. ಹುಡುಗ ಮೂಗು ಎತ್ತಿ ಇನ್ನೇನು ಚಕ್ರ ತಾಗಬೇಕು, ಒಂದು ಗಸ್ಟ್ ಬಂತು. ವಿಮಾನ ಹತ್ತು-ಹದಿನೈದು ಅಡಿ ಮೇಲೆದ್ದಿತು. ಆಮೇಲೆ ಗಾಳಿ ನಿಂತಿತು. ಕೆಳಗೆ ಬಿತ್ತು, ಹಿಂದಿನ ಚಕ್ರಗಳ ಮೇಲೆ ಪುಟಿಯಿತು. ಪುಟಿದ ವಿಮಾನವನ್ನು ಒತ್ತಿ ಕೂರಿಸೋಣ ಅಂತ ಅವನು ಕೈಯಲ್ಲಿದ್ದ, ಮೂಗನ್ನು ಏರಿಳಿಸುವ ಹಿಡಿಯನ್ನು ಮುಂದೆ ತಳ್ಳಿದ. ಮನುಷ್ಯನ ಕೈ ಸಹಜವಾಗಿ ಮಾಡುವುದೇ ಅದು. ಈ ಸಲ ಮೂಗಿನ ಚಕ್ರ ಮೊದಲು ತಾಗಿತು. ಇನ್ನೂ ಜೋರಾಗಿ ಪುಟಿಯಿತು. ಮೂರನೆಯ ಸಲ ಮೂಗಿನ ಚಕ್ರದ ಕಾಲು ಮುರಿಯಿತು. ಪ್ರೊಪೆಲ್ಲರ್ ಡಾಂಬರಿಗೆ ಬಡಿಯಿತು. ವಿಮಾನ ಎಡಕ್ಕೆ ಎಳೆದುಕೊಂಡು ಹುಲ್ಲಿಗೆ ಹೋಗಿ, ಒಂದು ರೆಕ್ಕೆ ನೆಲಕ್ಕೆ ಊರಿ, ಬಾಲ ಎತ್ತಿ ನಿಂತಿತು.

ಸೆಸ್ನಾ 172ರ ಹಿಂದಿನ ಎರಡು ಚಕ್ರಗಳ ಕಾಲು ಉಕ್ಕಿನ ಪಟ್ಟಿಯಂಥವು. ಬಾಗುತ್ತವೆ, ತಾಳುತ್ತವೆ. ಮೂಗಿನ ಚಕ್ರ ಹಾಗಲ್ಲ. ಅದು ನೆಲದ ಮೇಲೆ ಆ ಕಡೆ ಈ ಕಡೆ ತಿರುಗುವುದಕ್ಕೆ ಇರುವುದು. ಇಡೀ ವಿಮಾನದ ಭಾರ ಹೊತ್ತು ಬೀಳುವುದಕ್ಕಲ್ಲ.

ಎಲ್ಲರೂ ಓಡಿದರಂತೆ. ಇವಳೂ ಓಡಿದ್ದಾಳೆ. ಹುಡುಗ ತಾನೇ ಬೆಲ್ಟ್ ಬಿಚ್ಚಿ ಹೊರಗೆ ಬಂದಿದ್ದ. ಎಡಗೈ ಮಣಿಕಟ್ಟು ಮುರಿದಿತ್ತು, ಹಣೆಯಲ್ಲಿ ರಕ್ತ. ಈ ವಿಮಾನದಲ್ಲಿ ಪೆಟ್ರೋಲು ರೆಕ್ಕೆಯೊಳಗೇ ಇರುತ್ತದೆ. ಅದಕ್ಕೆ ತಿಳಿನೀಲಿ ಬಣ್ಣ ಹಾಕಿರುತ್ತಾರೆ, ಬೇರೆ ಇಂಧನದ ಜೊತೆ ಅದಲುಬದಲಾಗದಿರಲಿ ಅಂತ. ನೆಲಕ್ಕೆ ಊರಿದ ರೆಕ್ಕೆಯ ತುದಿಯಿಂದ ಆ ನೀಲಿ ಪೆಟ್ರೋಲು ಒಣ ಹುಲ್ಲಿನ ಮೇಲೆ ಹನಿಹನಿಯಾಗಿ ಬೀಳುತ್ತಿತ್ತು. ಪ್ರೊಪೆಲ್ಲರಿನ ಎರಡೂ ಎಲೆಗಳ ತುದಿ ಹಿಂದಕ್ಕೆ ಸುರುಳಿ ಸುತ್ತಿದ್ದವು. ಎಂಜಿನ್ ಇನ್ನೂ ಬಿಸಿಯಾಗಿತ್ತು. "ಒಂದ ಕಿಡಿ ಬಿದ್ದಿದ್ರ..." ಅಂತ ಅವಳು ಹೇಳಿ ಸುಮ್ಮನಾದಳು. ಬೆಂಕಿ ಹತ್ತಲಿಲ್ಲ. ಅದು ಅದೃಷ್ಟ ಅಂತಲೇ ನಾನು ನಂಬಿದ್ದೇನೆ.

ಸ್ಕೂಲಿನಲ್ಲಿ ಅವತ್ತೇ ಸಂಜೆ ಎಲ್ಲರ ಬಾಯಲ್ಲೂ ಒಂದೇ ಮಾತು: ಗಾಳಿ. ಹುಡುಗನ ಅಪ್ಪ-ಅಮ್ಮನಿಗೆ ಫೋನ್ ಮಾಡಿದವರೂ ಅದನ್ನೇ ಹೇಳಿದ್ದು. ಆದರೆ ಹಳೆಯ ಇನ್‌ಸ್ಟ್ರಕ್ಟರ್ ಒಬ್ಬರು ಹುಡುಗರನ್ನೆಲ್ಲ ಕೂರಿಸಿಕೊಂಡು ಕೇಳಿದರಂತೆ: ಮೊದಲ ಸಲ ಪುಟಿದಾಗ ಏನು ಮಾಡಬಹುದಿತ್ತು?

ಉತ್ತರ ಎಲ್ಲರಿಗೂ ಗೊತ್ತಿತ್ತು. ಪೂರ್ತಿ ಥ್ರಾಟಲ್ ಕೊಟ್ಟು ಮೇಲೆದ್ದು ಹೋಗಬಹುದಿತ್ತು. ಗೋ-ಅರೌಂಡ್. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ, ಒಂದು ಸುತ್ತು ಹಾಕಿ, ಮೊದಲಿನಿಂದ ಬರುವುದು. ಪುಟಿಯುವ ಮೊದಲೂ ಹೋಗಬಹುದಿತ್ತು, ಗಸ್ಟ್‌ಗೆ ಮೇಲೆದ್ದಾಗಲೇ. ಅದಕ್ಕೂ ಮೊದಲು, ಮುನ್ನೂರು ಅಡಿ ಮೇಲೆ ವೇಗ ಹತ್ತು ನಾಟ್ ಆಚೆ ಈಚೆ ಕುಣಿಯುತ್ತಿದ್ದಾಗಲೂ ಹೋಗಬಹುದಿತ್ತು. ನೆಲ ಮುಟ್ಟಿ ಪುಟಿದ ಮೇಲೂ ಆ ಬಾಗಿಲು ತೆರೆದೇ ಇತ್ತು. ರನ್‌ವೇ ಉದ್ದವಿತ್ತು, ಎಂಜಿನ್ ಸರಿಯಿತ್ತು, ಪೆಟ್ರೋಲು ಇತ್ತು.

ಹಾಗಾದರೆ ಯಾಕೆ ಹೋಗಲಿಲ್ಲ? ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ನಿಸುವುದು ಇದೊಂದೇ ಪ್ರಶ್ನೆ.

ರನ್‌ವೇ ಎದುರಿಗೆ ಇದೆ. ಇನ್ನೇನು ಬಂದೇಬಿಟ್ಟಿತು. ಅಷ್ಟು ಹತ್ತಿರ ಬಂದ ಮೇಲೆ ಬಿಟ್ಟು ಹೋಗುವುದು ಮನಸ್ಸಿಗೆ ಒಗ್ಗುವುದಿಲ್ಲ. ಕೆಳಗೆ ಜೊತೆಯವರು ನೋಡುತ್ತಿದ್ದಾರೆ. ಸರದಿಯವರು ಕಾಯುತ್ತಿದ್ದಾರೆ. ಹಾರಾಟದ ಗಂಟೆಗೆ ಅಪ್ಪ ಕಟ್ಟಿದ ದುಡ್ಡು ನೆನಪಿಗೆ ಬರುತ್ತದೆ. ವಾಪಸ್ ಮೇಲೆ ಹೋದರೆ ಸಂಜೆ ಮೆಸ್‌ನಲ್ಲಿ ಯಾರೋ ಒಂದು ಮಾತು ಅಂದೇ ಅನ್ನುತ್ತಾರೆ, ಇವನಿಗೆ ಇನ್ನೂ ಲ್ಯಾಂಡಿಂಗ್ ಬರೋದಿಲ್ಲ ಅಂತ. ಇದ್ಯಾವುದೂ ಗಾಳಿಯಲ್ಲ. ಆದರೆ ಹುಡುಗನ ಕೈಯನ್ನು ಥ್ರಾಟಲ್‌ನಿಂದ ದೂರ ಹಿಡಿದಿದ್ದು ಇವೇ.

ಇದು ಕಲಿಯುವ ಹುಡುಗರ ಕಥೆ ಮಾತ್ರ ಅಂತ ಅಂದುಕೊಳ್ಳಬೇಡಿ. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ದುಬೈನಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಸತ್ತರು. ಎಂಟು ಜನ ಉಳಿದರು. ಅಲ್ಲಿ ಗಾಳಿಯ ಕಾಟ ಇರಲಿಲ್ಲ. ಇಳಿಯುವ ದಾರಿಯೇ ತಪ್ಪಿತ್ತು, ಬೇಕಾದದ್ದಕ್ಕಿಂತ ತುಂಬಾ ಎತ್ತರದಲ್ಲಿ ಬರುತ್ತಿದ್ದರು. ಮೇಲೆದ್ದು ಹೋಗೋಣ ಅಂತ ಸಹ ಪೈಲಟ್ ಹೇಳಿದ್ದು ತನಿಖೆಯಲ್ಲಿ ದಾಖಲಾಗಿದೆ. ಹೋಗಲಿಲ್ಲ. 8,000 ಅಡಿ ರನ್‌ವೇಯಲ್ಲಿ ಸುಮಾರು 5,200 ಅಡಿ ದಾಟಿದ ಮೇಲೆ ಚಕ್ರ ತಾಗಿತು. ಕ್ಯಾಪ್ಟನ್‌ಗೆ ಹತ್ತು ಸಾವಿರ ಗಂಟೆಗೂ ಮೀರಿದ ಅನುಭವ ಇತ್ತು. ಆ ಮುಂಜಾನೆ ಸತ್ತವರಲ್ಲಿ ಕರಾವಳಿಯ ಎಷ್ಟೋ ಮನೆಗಳ ಮಕ್ಕಳಿದ್ದರು. ಅದನ್ನು ಓದುವಾಗೆಲ್ಲ ನನಗೆ ಸಂಕಟವಾಗುತ್ತದೆ. ಒಂದು ಸುತ್ತು, ಹತ್ತು ನಿಮಿಷ, ಅಷ್ಟೇ ಬೇಕಾಗಿದ್ದದ್ದು.

ನಮ್ಮ ಹುಬ್ಬಳ್ಳಿಯ ನೆನಪೂ ಇದೆ. 2015ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಬಂದ ವಿಮಾನ ಮಳೆಯಲ್ಲಿ ಇಳಿಯುತ್ತಾ ರನ್‌ವೇ ಬಿಟ್ಟು ಪಕ್ಕಕ್ಕೆ ಜಾರಿ, ಒಂದು ಕಡೆಯ ಚಕ್ರದ ಕಾಲು ಮುರಿದುಕೊಂಡು ನಿಂತಿತ್ತು. ಯಾರ ಜೀವಕ್ಕೂ ಏನೂ ಆಗಲಿಲ್ಲ. 2021ರ ಜೂನ್‌ನಲ್ಲಿ ಕಣ್ಣೂರಿನಿಂದ ಬಂದ ವಿಮಾನ ಮೊದಲ ಸಲ ಇಳಿಯಲಾಗದೆ ಮೇಲೆದ್ದು ಹೋಗಿ ಎರಡನೇ ಸಲ ಇಳಿಯಿತು. ಒಂದು ಟೈರು ಒಡೆದಿತ್ತು. ಅಡ್ಡಗಾಳಿ ಇತ್ತು ಅಂತ ಪೇಪರುಗಳಲ್ಲಿ ಬಂತು. ಆಗ ಊರಲ್ಲಿ ಜನ ಮಾತಾಡಿದ್ದು ಟೈರಿನ ಬಗ್ಗೆ. ಮೊದಲ ಸಲ ಮೇಲೆದ್ದು ಹೋದರಲ್ಲ, ಅದರ ಬಗ್ಗೆ ಒಬ್ಬರೂ ಮಾತಾಡಿದ್ದು ನಾನು ಕೇಳಲಿಲ್ಲ.

ಅಲ್ಲಿ ಕೂತ ಪ್ರಯಾಣಿಕರಾದ ನಮ್ಮ ಪಾಲೂ ಇದರಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ವಿಮಾನ ಇನ್ನೇನು ಇಳಿಯಿತು ಅನ್ನುವಾಗ ಮತ್ತೆ ಮೇಲೆದ್ದರೆ ಒಳಗೆ ಏನಾಗುತ್ತದೆ ನೋಡಿ. ಒಬ್ಬರು ದೇವರ ಹೆಸರು ಹೇಳುತ್ತಾರೆ, ಇನ್ನೊಬ್ಬರು ಪೈಲಟ್ ಹೊಸಬ ಇರಬೇಕು ಅನ್ನುತ್ತಾರೆ, ಇಳಿದ ಮೇಲೆ ಮೂವರು ವಿಡಿಯೋ ಹಾಕುತ್ತಾರೆ: ಕೂದಲೆಳೆಯಲ್ಲಿ ಪಾರು. ಕೂದಲೆಳೆ ಎಲ್ಲಿ ಬಂತು? ಆ ಪೈಲಟ್ ಕೂದಲೆಳೆಯ ತನಕ ಹೋಗಲೇ ಇಲ್ಲ. ಬಹಳ ದೂರದಲ್ಲೇ ಬೇಡ ಅಂದುಬಿಟ್ಟರು. ಅವರಿಗೆ ನಾವು ಚಪ್ಪಾಳೆ ತಟ್ಟಬೇಕು.

ವಿಮಾನ ಕಂಪನಿಗಳು ಇದಕ್ಕೆ ಒಂದು ಗೆರೆ ಹಾಕಿಕೊಂಡಿವೆ. ಮೋಡ, ಮಳೆ ಇದ್ದರೆ ನೆಲದಿಂದ 1,000 ಅಡಿ, ಆಕಾಶ ತಿಳಿಯಾಗಿದ್ದರೆ 500 ಅಡಿ. ಆ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ದಿಕ್ಕು, ಇಳಿಯುವ ರಭಸ, ಎಲ್ಲ ಹದಕ್ಕೆ ಬಂದಿರಬೇಕು. ಬಂದಿಲ್ಲವೋ, ವಾದ ಬೇಡ, ಮೇಲೆ ಹೋಗಬೇಕು. 1985ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಗುಡುಗುಮೋಡದ ಕೆಳಗೆ ಇಳಿಯಲು ಹೋದ ದೊಡ್ಡ ವಿಮಾನವೊಂದು ಗಾಳಿಯ ಒಮ್ಮೆಲೇ ತಿರುವಿಗೆ ಸಿಕ್ಕು ಬಿದ್ದು 137 ಜನ ಸತ್ತರು. ಆ ಮೇಲೆ ದೊಡ್ಡ ವಿಮಾನಗಳಲ್ಲಿ ಇಂಥ ಗಾಳಿಯ ಬಗ್ಗೆ ಎಚ್ಚರಿಸುವ ಯಂತ್ರ ಬಂದವು. ತರಬೇತಿಯ ಸಣ್ಣ ವಿಮಾನದಲ್ಲಿ ಅವಿಲ್ಲ. ಅಲ್ಲಿ ಇರುವುದು ರನ್‌ವೇ ಪಕ್ಕದ ಗಾಳಿಚೀಲ, ಟವರಿನ ದನಿ, ಕೂತವರ ಬೆನ್ನಿಗೆ ತಿಳಿಯುವ ಕುಲುಕಾಟ. ಗಾಳಿಚೀಲ ಸುಮಾರು 15 ನಾಟ್ ಗಾಳಿಗೆ ಪೂರ್ತಿ ಚಾಚಿಕೊಳ್ಳುತ್ತದೆ. ಅಕ್ಕನ ಮಗಳು ಅದನ್ನು ಒಂದೇ ಸಲ ನೋಡುವುದಿಲ್ಲ. ಅದು ಜೋತು ಬಿದ್ದು ಮತ್ತೆ ಚಾಚಿ ಮತ್ತೆ ಜೋತು ಬೀಳುತ್ತಿದ್ದರೆ ಅದೇ ಗಸ್ಟ್.

ಅವಳಿಗೆ ನೆಲ ಮುಟ್ಟುವ ಹೊತ್ತಿಗಿಂತ ಹೆಚ್ಚು ಭಯ ಇರುವುದು ಅದಕ್ಕೂ ಸ್ವಲ್ಪ ಮೊದಲಿನ ತಿರುವಿನ ಬಗ್ಗೆ. ರನ್‌ವೇಗೆ ನೇರವಾಗಲು ಹಾಕುವ ಕೊನೆಯ ತಿರುವು. ಅಲ್ಲಿ ಗಾಳಿ ಹಿಂದಿನಿಂದ ತಳ್ಳಿದರೆ ವಿಮಾನ ರನ್‌ವೇಯ ಗೆರೆ ದಾಟಿ ಆ ಕಡೆ ಹೋಗುತ್ತದೆ. ದಾಟಿದೆನಲ್ಲ ಅಂತ ಗಾಬರಿಯಾಗಿ ಇನ್ನೂ ಬಿಗಿಯಾಗಿ ತಿರುಗಿಸುತ್ತಾರೆ. ರೆಕ್ಕೆ ಜಾಸ್ತಿ ವಾಲಿದಷ್ಟೂ ವಿಮಾನವನ್ನು ಎತ್ತಿ ಹಿಡಿಯಲು ಬೇಕಾದ ವೇಗ ಏರುತ್ತದೆ. ನೇರ ಹಾರುವಾಗ, ಫ್ಲ್ಯಾಪ್ ಇಲ್ಲದೆ, 48 ನಾಟ್‌ಗೆ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತಿ ಹಿಡಿಯುವುದನ್ನು ಬಿಡುವ, ವಿಮಾನ 45 ಡಿಗ್ರಿ ವಾಲಿದರೆ 57ಕ್ಕೇ ಆಗುತ್ತದೆ. 60 ಡಿಗ್ರಿ ವಾಲಿದರೆ 68ಕ್ಕೆ. ಇಳಿಯಲು ಬರುವ ವೇಗವೇ 65-70. ಲೆಕ್ಕ ಮುಗಿಯಿತಲ್ಲ. ರೆಕ್ಕೆ ಗಾಳಿಯ ಹಿಡಿತ ಕಳೆದುಕೊಂಡು ವಿಮಾನ ಒಂದು ಮಗ್ಗುಲಿಗೆ ಮಗುಚುತ್ತದೆ. ಐನೂರು ಅಡಿಯಿಂದ ಅದನ್ನು ಸರಿಮಾಡಿಕೊಳ್ಳಲು ಜಾಗ ಇರುವುದಿಲ್ಲ. ಅವರಿಗೆ ಕಲಿಸುವುದು ಒಂದೇ ಮಾತು: ಗೆರೆ ದಾಟಿದೆಯಾ, ದಾಟಲಿ ಬಿಡು. 30 ಡಿಗ್ರಿಗಿಂತ ಹೆಚ್ಚು ವಾಲಿಸಬೇಡ. ರೆಕ್ಕೆ ಮಟ್ಟಸ ಮಾಡು, ಥ್ರಾಟಲ್ ಕೊಡು, ಹೋಗು.

ಹುಡುಗನ ಅಪಘಾತದ ತನಿಖೆ ನಡೆಯಿತು. ಇಂಥ ತನಿಖೆಯ ನಿಯಮದಲ್ಲಿ ಒಂದು ಒಳ್ಳೆಯ ಮಾತಿದೆ: ಮುಂದೆ ಹೀಗಾಗದಂತೆ ತಡೆಯುವುದೇ ಉದ್ದೇಶ, ಯಾರ ತಪ್ಪು ಅಂತ ಬೆರಳು ತೋರಿಸುವುದಲ್ಲ. ಜಗತ್ತಿನ ಹೆಚ್ಚುಕಡಿಮೆ ಎಲ್ಲ ದೇಶಗಳೂ ಒಪ್ಪಿಕೊಂಡ ನಿಯಮ ಅದು. ನಮ್ಮ ದೇಶದಲ್ಲಿ ಇದಕ್ಕೆ ಅಂತಲೇ 2012ರಲ್ಲಿ ಬೇರೆ ಬ್ಯೂರೋ ಆಯಿತು. ತಪ್ಪು ಹೇಳಿದರೆ ಶಿಕ್ಷೆ ಅಂತಾದರೆ ಯಾರೂ ನಿಜ ಹೇಳುವುದಿಲ್ಲ. ಹುಡುಗ ಹೇಳಿದ. ಪುಟಿದಾಗ ಥ್ರಾಟಲ್ ಕೊಡುವುದು ಹೊಳೆಯಲೇ ಇಲ್ಲ, ಕೂರಿಸಬೇಕು ಅಂತ ಮಾತ್ರ ಹೊಳೆಯಿತು ಅಂತ ಬರೆದುಕೊಟ್ಟ. ಆ ಒಂದು ಸಾಲು ಬರೆದಿದ್ದಕ್ಕೆ ಅವನ ಮೇಲೆ ನನಗೆ ತುಂಬಾ ಗೌರವ. ಮುಖವನ್ನೂ ನೋಡಿಲ್ಲ ನಾನು ಅವನದು.

ಪ್ಲಾಸ್ಟರ್ ತೆಗೆದ ಮೇಲೆ ಅವನು ವಾಪಸ್ ಬಂದ. ಮೊದಲು ಇನ್‌ಸ್ಟ್ರಕ್ಟರ್ ಜೊತೆ, ಆಮೇಲೆ ಒಬ್ಬನೇ. ಸ್ಕೂಲಿನಲ್ಲಿ ಒಬ್ಬರೇ ಹಾರುವವರಿಗೆ ಅಡ್ಡಗಾಳಿಯ ಮಿತಿ ಇಳಿಸಿದರು. ಗಸ್ಟ್‌ಗೂ ಬೇರೆ ಮಿತಿ ಹಾಕಿದರು. ಹಳೆಯ ಇನ್‌ಸ್ಟ್ರಕ್ಟರ್ ಇನ್ನೊಂದು ಕೆಲಸ ಮಾಡಿದರು. ಎಲ್ಲ ಚೆನ್ನಾಗಿಯೇ ಬರುತ್ತಿರುವಾಗ, ಇಳಿಯಲು ಐವತ್ತು ಅಡಿ ಇದೆ ಅನ್ನುವಾಗ, ಕಾರಣವೇ ಹೇಳದೆ ಗೋ-ಅರೌಂಡ್ ಅಂತ ಕೂಗುತ್ತಾರೆ. ಹುಡುಗರು ತಕ್ಷಣ ಥ್ರಾಟಲ್ ತಳ್ಳಬೇಕು. ಕೈಗೆ ರೂಢಿಯಾಗಲಿ ಅಂತ. ಯೋಚನೆ ಮಾಡುವಷ್ಟು ಹೊತ್ತು ಅಲ್ಲಿ ಇರುವುದಿಲ್ಲವಲ್ಲ.

ಪೈಲಟ್‌ಗಳ ಲಾಗ್‌ಬುಕ್‌ನಲ್ಲಿ ಎಷ್ಟು ಗಂಟೆ ಹಾರಿದೆ, ಹಗಲೋ ರಾತ್ರಿಯೋ, ಎಷ್ಟು ಸಲ ಇಳಿದೆ ಅಂತ ಬರೆಯಲು ಕಾಲಂಗಳಿವೆ. ಇಳಿಯದೇ ಮೇಲೆದ್ದು ಹೋದದ್ದಕ್ಕೆ ಅವಳ ಪುಸ್ತಕದಲ್ಲಿ ಕಾಲಂ ಇಲ್ಲ. ಅವಳು ಕೊನೆಯ ಷರಾ ಕಾಲಂನಲ್ಲಿ ಅದನ್ನು ಬರೆಯಲು ಶುರುಮಾಡಿದ್ದಾಳೆ. ಹೋದ ಸಲ ರಜೆಗೆ ಬಂದಾಗ ನನಗೆ ತೋರಿಸಿದಳು. ನೀಲಿ ಪೆನ್ನಿನ ಸಣ್ಣ ಅಕ್ಷರ, ಪಕ್ಕದಲ್ಲಿ ಯಾಕೆ ಅಂತ ಒಂದೆರಡು ಪದ. ಒಂದು ಕಡೆ ಗಸ್ಟ್. ಒಂದು ಕಡೆ ರನ್‌ವೇ ಮೇಲೆ ನಾಯಿ. ಇನ್ನೊಂದು ಕಡೆ ಬರೀ "ಮನಸ್ಸು ಒಪ್ಪಲಿಲ್ಲ" ಅಂತ ಬರೆದಿದ್ದಳು. ಅದಕ್ಕೂ ಇನ್‌ಸ್ಟ್ರಕ್ಟರ್ ಸಹಿ ಹಾಕಿದ್ದರು.

ಗದಗದಲ್ಲಿರುವ ನಮ್ಮಕ್ಕನಿಗೆ ವಿಮಾನದ ಲೆಕ್ಕಗಳೆಲ್ಲ ತಿಳಿಯುವುದಿಲ್ಲ. ದಿನಾ ರಾತ್ರಿ ಮಗಳಿಗೆ ಫೋನ್ ಮಾಡಿ "ಉಂಡಿ ಏನವ್ವಾ?" ಅಂತ ಕೇಳಿದ ಮೇಲೆ, "ಇವತ್ತ ಎಷ್ಟ ಲ್ಯಾಂಡಿಂಗ್ ಮಾಡಿದಿ?" ಅಂತ ಕೇಳುತ್ತಿದ್ದಳು. ಎಷ್ಟು ಜಾಸ್ತಿ ಹೇಳಿದರೆ ಅಷ್ಟು ಖುಷಿ. ಲಾಗ್‌ಬುಕ್ ನೋಡಿ, ಮಗಳ ಹತ್ತಿರ ಎಲ್ಲ ಬಿಡಿಸಿ ಕೇಳಿಕೊಂಡ ಮೇಲೆ ಈಗ ಇನ್ನೂ ಒಂದು ಪ್ರಶ್ನೆ ಸೇರಿಸಿದ್ದಾಳೆ: "ಬ್ಯಾಡ ಅಂತ ಮ್ಯಾಲ ಹೋಗಿದ್ದು ಎಷ್ಟ ಸಲಾ?" ಮಗಳು ಎರಡು ಅಂದರೆ ಅಕ್ಕ "ಛಲೋ ಆತು" ಅನ್ನುತ್ತಾಳೆ. ಮರುದಿನ ನನಗೂ ಫೋನ್ ಮಾಡಿ ಹೇಳುತ್ತಾಳೆ, ನಿನ್ನೆ ಎರಡು ಸಲ ಹೋದಳಂತೆ ಅಂತ.